ಫೋಟೋದಿಂದ ಇಳಿದ ಶಾಯಿ

ಹನಿ ಬಿದ್ದದ್ದು ಹಣೆಯ ಮೇಲೆ.

ನೀರು ಚಿಮುಕಿಸಿದ ಮಲ್ಲಿಗೆ ಹಾರವನ್ನು ಯಾರೋ ಆಗಷ್ಟೇ ಹಂಪಣ್ಣನ ಫೋಟೋಕ್ಕೆ ಹಾಕಿ ಕೈಮುಗಿದು ಹೋಗಿದ್ದರು. ಹಾರದ ನೀರು ಹಣೆಯಿಂದ ಹುಬ್ಬಿಗೆ ಬಂತು, ಹುಬ್ಬಿನಿಂದ ಕಣ್ಣಿನ ಮೂಲೆಗೆ, ಅಲ್ಲಿಂದ ಕೆನ್ನೆಗೆ. ಬರುವಾಗ ಬರಿಗೈಯಲ್ಲಿ ಬರಲಿಲ್ಲ, ಬಣ್ಣವನ್ನೂ ಎಳೆದುಕೊಂಡು ಬಂತು. ಮೊದಲು ಕರಿ ಗೆರೆ. ನೋಡುನೋಡುತ್ತ ಅದು ಕೆಂಪಾಯಿತು.

“ಯವ್ವಾ! ಸಾವ್ಕಾರ್ರು ಅಳಾಕ ಹತ್ಯಾರ!”

ಕೂಗಿದ್ದು ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು. ಪೆಂಡಾಲಿನಲ್ಲಿ ಊಟಕ್ಕೆ ಕೂತವರ ಕೈಗಳು ತಾಟಿನಲ್ಲೇ ನಿಂತವು. ಗೋಡೆಗೆ ಒರಗಿದ್ದ ಒಂದು ಮುದುಕಿ, “ಆಸೆ ಉಳದೈತಿ ಅಂವಂದು, ಇನ್ನಾ ಮನಿ ಬಿಟ್ಟು ಹೋಗಿಲ್ಲ” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿತು.

ಮೊಣಕಾಲು ನೋವಿಗೆ ಮನೆಯ ಮೆಟ್ಟಿಲನ್ನೇ ಹತ್ತದಿದ್ದ ದಲಾಲಿ ಅಂಗಡಿಯ ಹಂಪಣ್ಣ, ಹೇಮಗುಡ್ಡದ ಹಿಂಬದಿಯ ಬಂಡೆಯಿಂದ ಕಾಲುಜಾರಿ ಬಿದ್ದು ಸತ್ತ ಎಂದು ಪೊಲೀಸರು ಬರೆದುಕೊಂಡು ಕೈತೊಳೆದುಕೊಂಡಿದ್ದರು. ಅದನ್ನು ನಂಬದವನು ನಿವೃತ್ತ ದಫೇದಾರ ವಿರುಪಣ್ಣ ಒಬ್ಬನೇ.

ಇವತ್ತು ಶಿವಗಣಾರಾಧನೆ, ಅವನ ಹೆಸರಿನ ಊಟ. ಊರಿಗೆ ಊರೇ ಬಂದಿತ್ತು. ಎಲ್ಲರೂ ನೋಡಿದ್ದು ಹಂಪಣ್ಣನ ಕಣ್ಣನ್ನು. ತಾವರಗೇರಾ ಬಸ್‌ಸ್ಟ್ಯಾಂಡಿನ ಎದುರು ಫೋಟೋ, ಝರಾಕ್ಸ್ ಅಂಗಡಿ ಇಟ್ಟಿದ್ದ ಶಿವಲೀಲಾ ಮಾತ್ರ ನೋಡಿದ್ದು ಎಡಗಿವಿಯ ಕೆಳಗೆ.

ಅಲ್ಲಿ ಒಂದು ಬಿಳಿ ಗೆರೆ ಇತ್ತು. ಕೂದಲಿನಷ್ಟು ಸಣ್ಣದು. ಕಿವಿಯ ಕೆಳಗಿನಿಂದ ಫೋಟೋದ ಅಂಚಿನವರೆಗೂ ನೆಟ್ಟಗೆ ಹೋಗಿತ್ತು. ಗೊತ್ತಿದ್ದವರಿಗೆ ಬಿಟ್ಟರೆ ಬೇರೆಯವರ ಕಣ್ಣಿಗೆ ಬೀಳುವಂಥದ್ದಲ್ಲ.

ಅವಳ ಬಾಯಲ್ಲಿದ್ದ ಹುಗ್ಗಿ ಮಣ್ಣಾಯಿತು.

ಹಂಪಣ್ಣ ಮಣ್ಣಾದ ದಿನ ಅವಳು ಊರಲ್ಲಿರಲಿಲ್ಲ. ಪ್ರಿಂಟರ್ ಕೊಪ್ಪಳಕ್ಕೆ ರಿಪೇರಿಗೆ ಹೋಗಿತ್ತು. ಖಾಲಿ ಅಂಗಡಿಯಲ್ಲಿ ಕೂತು ನೊಣ ಹೊಡೆಯುವುದೇಕೆಂದು ಯಲಬುರ್ಗಾದ ತವರಿಗೆ ಹೋಗಿದ್ದಳು. ಹಂಪಣ್ಣನ ಮಾಲೆ ಹಾಕಿದ ಫೋಟೋವನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಕುಲುಕಿ ಅದರ ಗಾಜು ಒಡೆದಿತ್ತಂತೆ. ಹೊಸದು ಹಾಕಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಗಾಜು ಇದ್ದಿದ್ದರೆ ಈ ಶಾಯಿ ಇಳಿಯುತ್ತಿರಲಿಲ್ಲ. ಶಾಯಿ ಇಳಿಯದಿದ್ದರೆ ಶಿವಲೀಲಾಳ ಕಣ್ಣು ಆ ಗೆರೆಗೆ ಹೋಗುತ್ತಿರಲಿಲ್ಲ.

---

ಕೈ ತೊಳೆಯುವ ಡ್ರಮ್ಮಿನ ಹತ್ತಿರ ವಿರುಪಣ್ಣ ಸಿಕ್ಕ. ಕೈಯಲ್ಲಿ ಎಲೆ ಅಡಿಕೆ. ಅವಸರವೇ ಗೊತ್ತಿಲ್ಲದ ಮನುಷ್ಯ. ಸುಣ್ಣ ಹಚ್ಚುವುದನ್ನೂ ಗೋಡೆಗೆ ಬಣ್ಣ ಬಳಿದ ಹಾಗೆ ಮಾಡುತ್ತಿದ್ದ.

“ಕಾಕಾ, ಒಂದು ಮಾತು.”

“ಒಂದ್ಯಾಕ, ಎರಡು ಹೇಳವ್ವ. ಮಾರಿ ಯಾಕ ಹಂಗ ಬೆಳ್ಳಗಾಗೈತಿ?”

“ಆ ಫೋಟೋ ನಂದು ಕಾಕಾ. ನನ್ನ ಪ್ರಿಂಟರಿನಾಗ ತೆಗದದ್ದು. ನನ್ನ ಇಂಕು ಅದು.”

“ಆತು. ಅದಕ್ಕೇನು? ರೊಕ್ಕ ಕೊಟ್ಟಿಲ್ಲೇನು ಅವರು?”

“ಅದಲ್ರಿ. ಆ ಇಂಕು ಖೊಟ್ಟಿ ಇಂಕು. ಸಾವ್ಕಾರ್ರು ಸಾಯೂಕಿಂತ ಮೊದ್ಲ ಅದನ್ನ ಚೆಲ್ಲೀನಿ.”

ವಿರುಪಣ್ಣನ ಬೆರಳು ಸುಣ್ಣದಲ್ಲೇ ನಿಂತಿತು.

ಅಷ್ಟರಲ್ಲಿ ಡ್ರಮ್ಮಿನ ಆಚೆ ಯಾರೋ ಕೆಮ್ಮಿದರು. ಗಂಗಾವತಿಯ ಯಂಕೇಶ. ಈ ಕಡೆಯ ಅಂಗಡಿಗಳಿಗೆಲ್ಲ ಪೇಪರ್, ಇಂಕು ಮಾರುವವನು, ಹಂಪಣ್ಣನ ದಲಾಲಿ ಅಂಗಡಿಯ ಕಂಪ್ಯೂಟರಿಗೂ ಅವನೇ. ಮುಸುರೆ ಕೈಯನ್ನು ನೀರಿನ ಕೆಳಗೆ ಹಿಡಿದು ನಗುತ್ತಿದ್ದ.

“ಏನ್ರಿ ಶಿವಲೀಲಕ್ಕ, ನನ್ನ ಮ್ಯಾಲಿನ ಸಿಟ್ಟು ಇನ್ನಾ ಇಳದಿಲ್ಲೇನು? ಮಾತಾಡ್ಸಲಾರದ ಹೊಂಟೀರಲ್ಲ!”

“ಇಲ್ಲಪ್ಪ” ಎಂದಳು ಅವಳು.

ಅವನ ಹಿಂದೆಯೇ ನೀರಿನ ಚರಿಗೆ ಹಿಡಿದು ಹಂಪಣ್ಣನ ಹೆಂಡತಿ ಕಳಕಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅತ್ತು ಅತ್ತು ಒಣಗಿದ ಕಣ್ಣು. ಆ ಕಣ್ಣು ಶಿವಲೀಲಾಳ ಮೇಲೆ ಬಂದು ಕೂತಿತು, ಏಳಲಿಲ್ಲ.

“ಉಂಡೇನವ್ವ?” ಎಂದಳು ಕಳಕಮ್ಮ.

“ಉಂಡ್ನ್ರಿ ಅಕ್ಕಾರ.”

“ಹೊಟ್ಟಿ ತುಂಬ ಉಣ್ಣು. ನಾಳಿ ಯಾರು ಕಂಡಾರ.”

ಸತ್ತ ಮನೆಯಲ್ಲಿ ಎಲ್ಲರೂ ಆಡುವ ಮಾತೇ. ಆದರೂ ಶಿವಲೀಲಾ ಒಂದು ಹೆಜ್ಜೆ ಹಿಂದೆ ಸರಿದಳು.

ವಿರುಪಣ್ಣ ಎಲೆ ಮಡಚಿ ಬಾಯಿಗಿಟ್ಟು ಮೆಲ್ಲಗೆ ಹೇಳಿದ. “ನೀ ಅಂಗಡಿಗೆ ನಡಿ ಮಗಳ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾ ಫೋಟೋ ತಗೊಂಡು ಬರ್ತೀನಿ. ಫೋಟೋದ ಜೋಡಿ ಒಬ್ಬನ್ನೂ ಕರಕೊಂಡು ಬರ್ತೀನಿ.”

---

ಮಧ್ಯಾಹ್ನದ ಬಿಸಿಲು ಬಸ್‌ಸ್ಟ್ಯಾಂಡಿನ ಮೇಲೆ ಮಲಗಿತ್ತು. ಕುಷ್ಟಗಿ ಬಸ್ಸು ಹೋದ ಮೇಲೆ ರಸ್ತೆ ಬಿಕೋ ಎಂದಿತು. ಶಿವಲೀಲಾ ಶಟರ್ ಅರ್ಧ ಎತ್ತಿ ಒಳಗೆ ಹೋದಳು. ಪ್ರಿಂಟರಿನ ಮೇಲಿನ ಬಟ್ಟೆ ತೆಗೆದಳು. ಅದನ್ನು ನೋಡಿದರೆ ಈಗ ಅವಳಿಗೆ ಹೆಡೆ ಮಡಚಿ ಮಲಗಿದ ಹಾವು ನೋಡಿದಂತಾಗುತ್ತಿತ್ತು.

ಎಲ್ಲಕ್ಕೂ ಮೂಲ ಇಂಕು ತುಂಬಿದ ಆ ಕಾರ್ಟ್ರಿಜ್ಜುಗಳೇ. ಹಿಂದೆ ಹಿರಿಯರು ಎಮ್ಮೆಗಿಂತ ಹಗ್ಗ ತುಟ್ಟಿ ಅನ್ನುತ್ತಿದ್ದರು. ಪ್ರಿಂಟರ್ ಕಂಪನಿಯವರು ಆ ಮಾತನ್ನು ನಿಜ ಮಾಡಿ ತೋರಿಸಿದ್ದರು. ಎಮ್ಮೆಯನ್ನು ಸೋವಿಯಲ್ಲಿ ಕೊಟ್ಟು, ಹಗ್ಗದಲ್ಲಿ ಕುತ್ತಿಗೆ ಬಿಗಿಯುತ್ತಿದ್ದರು. ಆರು ಬಣ್ಣಕ್ಕೆ ಆರು ಡಬ್ಬಿ. ಒಂದು ಬಣ್ಣ ಮುಗಿದರೂ ಮಿಷನ್ನು ಮುಷ್ಕರ ಹೂಡುತ್ತಿತ್ತು. ಕಂಪನಿಯ ಒಂದು ಸೆಟ್ಟಿನ ದುಡ್ಡಿಗೆ ಯಂಕೇಶ ಬೇರೆ ಕಂಪನಿಯ ಮೂರು ಸೆಟ್ಟು ಕೊಡುತ್ತೇನೆ ಅಂದಾಗ ಅವಳು ಬೇಡ ಅನ್ನಲಿಲ್ಲ. ಯಾರು ಅಂದಾರು?

ಹಾಕಿದ ದಿನವೇ ಕಂಪ್ಯೂಟರ್ ಎಚ್ಚರಿಸಿತು, ಇದು ನಮ್ಮ ಕಾರ್ಟ್ರಿಜ್ ಅಲ್ಲ ಅಂತ. ಅವಳು ‘ಮುಂದುವರಿಸಿ’ ಒತ್ತಿದಳು. ದಿನಾ ಕೇಳುತ್ತಿತ್ತು, ದಿನಾ ಒತ್ತುತ್ತಿದ್ದಳು.

ಮೊದಲೆರಡು ವಾರ ಬಣ್ಣ ಹೊಳೆಯಿತು. ಆಮೇಲೆ ಪ್ರಿಂಟರಿನಲ್ಲಿ ಇಂಕು ಬರುವ ತೂತು ಕಟ್ಟಿತು, ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಬಿಳಿ ಗೆರೆ ಬೀಳತೊಡಗಿತು. ಮದುವೆಯ ಫೋಟೋ ತೆಗೆಸಿದವರು ವಾಪಸ್ ಬಂದು, “ನಮ್ಮ ಹುಡುಗಿ ಮಾರಿ ಯಾಕ ಕೆಂಪ ಮಂಗ್ಯಾನಂಗ ಆಗೇತಿ?” ಎಂದು ಜಗಳ ತೆಗೆದರು. ಕೊನೆಗೆ ಆ ಡಬ್ಬಿಗಳನ್ನು ಗಟಾರಕ್ಕೆ ಬಸಿದು, ಮಿಷನ್ನನ್ನು ಕೊಪ್ಪಳಕ್ಕೆ ಕಳಿಸಿದಳು. ಅದು ಅಲ್ಲಿ ಬಿಚ್ಚಿಕೊಂಡು ಬಿದ್ದಿದ್ದಾಗಲೇ ಹಂಪಣ್ಣ ಸತ್ತದ್ದು. ಅದು ವಾಪಸ್ ಬಂದದ್ದು ಹಂಪಣ್ಣ ಮಣ್ಣಾದ ಮೇಲೆ.

ಹಾಗಾದರೆ ಈ ಫೋಟೋ?

ಅವಳಿಗೆ ನೆನಪಿತ್ತು. ಗೆರೆ ಬೀಳತೊಡಗಿದ ಆ ಕೊನೆಯ ದಿನಗಳಲ್ಲೇ ಮೊಬೈಲಿಗೆ ಬಂದಿತ್ತು. ಯಾವುದೋ ಮದುವೆಯ ಗುಂಪಿನಲ್ಲಿ ನಗುತ್ತ ನಿಂತಿದ್ದ ಹಂಪಣ್ಣ. ಕೆಳಗೆ ಬರೆದಿದ್ದರು: ಸನ್ಮಾನ ಐತಿ. ಇವರೊಬ್ಬರನ್ನ ದೊಡ್ಡದು ಮಾಡ್ರಿ. ಹಿಂದ ತಿಳಿನೀಲಿ. ಕೆಳಗ ಎರಡು ಬೆರಳು ಜಾಗಾ ಬಿಡ್ರಿ.

ಸನ್ಮಾನವೆಂದರೆ ಹೆಸರು ಬರೆಯಲು ಜಾಗ ಬೇಕಲ್ಲ. ಬಿಟ್ಟಿದ್ದಳು.

ಇವತ್ತು ಪೆಂಡಾಲಿನಲ್ಲಿ ಅದೇ ಎರಡು ಬೆರಳಿನ ಜಾಗದಲ್ಲಿ, ಹೆಸರಿನ ಕೆಳಗೆ, ಹುಟ್ಟಿದ ತಾರೀಖು ಇತ್ತು. ಪಕ್ಕದಲ್ಲಿ ಇನ್ನೊಂದು ತಾರೀಖು.

ಯಾರು ಕಳಿಸಿದ್ದು? ಮೊಬೈಲಿನಲ್ಲಿ ಜಾಗ ಸಾಲದೆ ಅವಳು ಪ್ರತಿ ರವಿವಾರ ಎಲ್ಲವನ್ನೂ ಒರೆಸಿಹಾಕುತ್ತಿದ್ದಳು. ಯಾರು ಒಯ್ದದ್ದು? ಅದೂ ಗೊತ್ತಿಲ್ಲ. ತಯಾರಾದ ಫೋಟೋಗಳನ್ನು ಕವರಿಗೆ ಹಾಕಿ ಕಟ್ಟೆಯ ಮೇಲಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡುವುದು ಅವಳ ಪದ್ಧತಿ. ಬಂದವರು ತಮ್ಮ ತಮ್ಮ ಮೋರೆ ಹುಡುಕಿ ಒಯ್ಯುತ್ತಿದ್ದರು, ರೊಕ್ಕ ಡಬ್ಬಿಗೆ ಹಾಕುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ಫೋಟೋ ಕಳುವಾಗಿರಲಿಲ್ಲ. ಬೇರೆಯವರ ಮೋರೆ ಯಾರಿಗೆ ಬೇಕು ಎಂದು ನಂಬಿಕೊಂಡಿದ್ದಳು.

ಬೇಕಾಗಿತ್ತು ಒಬ್ಬರಿಗೆ.

---

ಶಟರಿನ ಕೆಳಗೆ ಬಗ್ಗಿ ವಿರುಪಣ್ಣ ಒಳಗೆ ಬಂದ. ಅವನ ಹಿಂದೆ, ಟವೆಲಿನಲ್ಲಿ ಸುತ್ತಿದ ಫೋಟೋ ಹಿಡಿದು, ಹಂಪಣ್ಣನ ತಮ್ಮ ಪ್ರಭುರಾಜ. ಎತ್ತರದ ಆಳು. ಅಣ್ಣ ಹೋದ ಮೇಲೆ ದಲಾಲಿ ಅಂಗಡಿಯ ಕೀಲಿ ಅವನ ಸೊಂಟಕ್ಕೆ ಬಂದಿತ್ತು, ನಡೆದರೆ ಜಣ್ ಎನ್ನುತ್ತಿತ್ತು.

“ಲಗೂ ಇನ್ನೊಂದು ತೆಗದು ಕೊಡವ್ವ ತಂಗಿ. ಮಂದಿ ಬಾಯಿಗೆ ಬಾಗಿಲಿಲ್ಲ, ನಮ್ಮಣ್ಣ ಅಳತಾನ ಅಂತ ಗುಲ್ಲೆದ್ದೈತಿ.” ಫೋಟೋವನ್ನೂ ಮೊಬೈಲನ್ನೂ ಕಟ್ಟೆಯ ಮೇಲಿಟ್ಟು ಅದೇ ಟವೆಲಿನಿಂದ ಬೆವರು ಒರೆಸಿಕೊಂಡ.

“ಕೊಡ್ತಾಳ, ಕುಂದರು” ಎಂದ ವಿರುಪಣ್ಣ. “ಮೊದ್ಲಿನ್ದನ್ನ ಎಲ್ಲಿ ತೆಗಿಸಿದ್ಯೋ ಪ್ರಭೂ? ಚಂದ ಬಂದಿತ್ತು.”

“ಗಂಗಾವತ್ಯಾಗ್ರಿ ಕಾಕಾ. ದವಾಖಾನ್ಯಾಗ ಅಣ್ಣನ್ನ ಕೊಯ್ಯಾಕ ಹತ್ತಿದ್ರು. ಹೊರಗ ನಿಂತು ನಿಂತು ತಲಿ ಕೆಟ್ಟು, ಒಂದು ಸ್ಟುಡಿಯೋಕ್ಕ ಹೋಗಿ ತೆಗಿಸಿದ್ನಿ.”

“ಯಾವ ಸ್ಟುಡಿಯೋ?”

“ಹೆಸರು ಓದೂ ಹೊತ್ತೇನ್ರಿ ಅದು?”

“ಅದೂ ಖರೇನ.” ವಿರುಪಣ್ಣ ತಲೆದೂಗಿದ. “ಶಿವಲೀಲಾ, ಕೆಟ್ಟ ಫೋಟೋ ಯಾವುದರ ಐತೇನವ್ವ? ಪ್ರಿಂಟರ್ ರಿಪೇರಿಗೆ ಹೋಗೂ ಮುಂಚಿನ್ದು?”

ಅವಳು ಕಪಾಟಿನ ಕೆಳಗಿನಿಂದ ಒಂದು ಮದುವೆಯ ಜೋಡಿಯ ಫೋಟೋ ಎಳೆದಳು. ಜಗಳ ತೆಗೆದವರು ಎಸೆದು ಹೋಗಿದ್ದು.

ವಿರುಪಣ್ಣ ನೀರಿನ ಲೋಟದಲ್ಲಿ ಬೆರಳು ಅದ್ದಿ ಮದುಮಗಳ ಹಣೆಯ ಮೇಲೆ ಒಂದು ಹನಿ ಬಿಟ್ಟ. ಮೂವರೂ ನೋಡಿದರು. ಹನಿ ಕಣ್ಣಿಗೆ ಇಳಿಯಿತು. ಕರಿ ಗೆರೆ. ಆಮೇಲೆ ಕೆಂಪು.

ಮದುಮಗಳೂ ಅತ್ತಳು.

“ದೊಡ್ಡ ಸ್ಟುಡಿಯೋದ ಫೋಟೋ ಹಿಂಗ ಬಣ್ಣಾ ಬಿಡತೈತೇನವ್ವ?”

“ಇಲ್ರಿ ಕಾಕಾ. ಅವು ಬ್ಯಾರೆ ಮಿಷನ್ನು. ನೀರಾಗ ಅದ್ದಿದ್ರೂ ಬಿಡೂದಿಲ್ಲ.”

ವಿರುಪಣ್ಣ ಹಂಪಣ್ಣನ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ, ಎರಡನ್ನೂ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು, ಮೇಲಿನ ಅಂಚು ಸರಿಹೊಂದಿಸಿದ. ಮದುಮಗನ ಭುಜದ ಮೇಲಿನ ಬಿಳಿ ಗೆರೆ ಕಾಗದ ದಾಟಿ ಹಂಪಣ್ಣನ ಕಿವಿಯ ಕೆಳಗಿನ ಗೆರೆಗೆ ಕೂಡಿಕೊಂಡಿತು. ಒಂದೇ ದಾರ ಎರಡು ಬಟ್ಟೆಯೊಳಗೆ ಹಾಯ್ದ ಹಾಗೆ.

“ನೋಡು ತಮ್ಮಾ. ಈ ಫೋಟೋ ಹುಟ್ಟಿದ್ದು ಇದ ಖೋಲ್ಯಾಗ, ಇದ ಪ್ರಿಂಟರಿನಾಗ. ನಿಮ್ಮಣ್ಣ ಸಾಯೂ ಮುಂದ ಈ ಪ್ರಿಂಟರು ಕೊಪ್ಪಳದಾಗಿತ್ತು. ಅಂದ್ರ ಏನಾತು? ಹಂಪಣ್ಣ ಉಣ್ಕೊಂತ ತಿನ್ಕೊಂತ ತಿರಗ್ಯಾಡೂ ಮುಂದನ ಯಾರೋ ಅಂವನ ಮಾಲಿ ಫೋಟೋ ತಯಾರು ಮಾಡಿ ಇಟ್ಟಾರ.”

ಪ್ರಭುರಾಜ ಕುರ್ಚಿಯಿಂದಲೇ ಬಾಗಿ ಆ ಗೆರೆಯನ್ನು ನೋಡಿದ.

“ಯಾಕ ಇಟ್ರು ಅನ್ನೂದನ್ನೂ ಹೇಳ್ತೀನಿ. ದೊಡ್ಡ ವ್ಯಾಪಾರಸ್ಥ ಸತ್ರ ನಮ್ಮ ಪ್ಯಾಟಿ ಬಂದ್. ಒಂದು ಬೀಡಿ ಅಂಗಡಿನೂ ತೆಗಿಯೂದಿಲ್ಲ. ಅವತ್ತು ಫೋಟೋ ಬೇಕಂದ್ರ ಎಲ್ಲಿ ಸಿಗಬೇಕು? ಆ ಮನುಷ್ಯಾಗ ಅದು ಮೊದ್ಲ ಗೊತ್ತಿತ್ತು. ಬುದ್ಧಿವಂತ ಅದಾನ. ಅತೀ ಬುದ್ಧಿವಂತ. ನೀ ಭಾಳ ಬುದ್ಧಿವಂತ ಇದ್ದಿ ನೋಡು ಪ್ರಭೂ, ಸಣ್ಣಾಂವ ಇದ್ದಾಗಿಂದ.”

ಪ್ರಭುರಾಜ ಎದ್ದ. ಸೊಂಟದ ಕೀಲಿ ಜಣ್ ಎಂದಿತು. ಎರಡೇ ಹೆಜ್ಜೆಗೆ ಬಾಗಿಲು ತಲುಪಿ, ಅರ್ಧ ಇದ್ದ ಶಟರನ್ನು ನೆಲದವರೆಗೂ ಎಳೆದುಬಿಟ್ಟ.

ಕತ್ತಲು ಒಮ್ಮೆಲೇ ಬಂದು ಮೈಮೇಲೆ ಬಿತ್ತು. ಕಂಪ್ಯೂಟರಿನ ಬೆಳಕೊಂದೇ ಉಳಿಯಿತು. ಶಿವಲೀಲಾ ಹಿಂದೆ ಸರಿದು ಗೋಡೆಗೆ ಅಂಟಿದಳು. ಗಂಡ ಲಾರಿ ಮೇಲೆ ಹೋದವ, ಈಗ ಎಲ್ಲಿದ್ದಾನೋ. ಹೊರಗೆ ಒಂದು ನರಪಿಳ್ಳೆ ಇಲ್ಲ. ಒಳಗೆ ಒಬ್ಬ ಮುದುಕ. ಕಟ್ಟೆಯ ಮೇಲೆ ಕಾಗದ ಕೊಯ್ಯುವ ಕತ್ತಿ ಇತ್ತು. ಅದು ಪ್ರಭುರಾಜನ ಕೈಗೆ ಹತ್ತಿರ, ತನ್ನ ಕೈಗೆ ದೂರ.

ಅವನು ತಿರುಗಿದ. ಕತ್ತಿಯ ಕಡೆ ನೋಡಲೂ ಇಲ್ಲ. ಕುರ್ಚಿಯಲ್ಲಿ ಕುಸಿದು ಕೂತ.

“ಯಾರೂ ಕೇಳಬಾರದು ಅಂತ ಶಟರ್ ಹಾಕಿನ್ರಿ.” ದನಿ ಸೀಳಿತ್ತು. “ಕಾಕಾ, ಗಂಗಾವತಿ ಮಾತು ಸುಳ್ಳು. ಆ ಫೋಟೋ ನಾ ತೆಗಿಸಿಲ್ಲ.”

“ಮತ್ಯಾರು?”

“ನನಗೇನು ಗೊತ್ತ್ರಿ! ಹೆಣಾ ತಗೊಂಡು ನಾವು ಮನಿಗೆ ಬರೂದ್ರಾಗ ಅದು ತಲಬಾಗಿಲಾಗ ಇತ್ತು. ಚೌಕಟ್ಟು ಹಾಕಿ, ಗ್ವಾಡಿಗೆ ಆನಿಸಿ ಇಟ್ಟಿದ್ರು. ವೈನಿ ತರಿಸ್ಯಾಳ ಅಂತ ನಾ ತಿಳಕೊಂಡ್ನಿ. ವೈನಿ ನಾ ತಂದೀನಿ ಅಂತ ತಿಳಕೊಂಡಿದ್ಲು. ಮೂರನೇ ದಿನ ಕೇಳಿದ್ಲು, ಎಲ್ಲಿ ತೆಗಿಸಿದಿ ಪ್ರಭೂ ಅಂತ. ನನ್ನ ರಕ್ತ ನೀರಾತು. ಆದ್ರ ನಾ ಅಲ್ಲ ಅಂದ್ರ ಆಕಿ ಎದಿ ಒಡದು ಸಾಯ್ತಾಳಂತ ಗಂಗಾವತಿ ಅಂದ್ನಿ.”

“ತಾರೀಖು? ಕೆಳಗ ಬರದದ್ದು?”

“ಆಗ್ಲೇ ಬರದಿತ್ರಿ.” ಪ್ರಭುರಾಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಸತ್ತ ತಾರೀಖೂ ಸೈತ.”

ವಿರುಪಣ್ಣ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ್ದ. ಈ ಮುದುಕ ಹೆದರಿದ್ದನ್ನು ಶಿವಲೀಲಾ ಹಿಂದೆಂದೂ ಕಂಡಿರಲಿಲ್ಲ. ಈಗ ಕಂಡಳು, ಅದರಿಂದಲೇ ಅವಳ ಹೆದರಿಕೆ ಎರಡಾಯಿತು.

“ಹಂಗಾರ ಇದು ಇಂಕಿನಿಂದ ಗೊತ್ತಾತು ಅನ್ನೂದು,” ಎಂದ ವಿರುಪಣ್ಣ, ತನ್ನಷ್ಟಕ್ಕೇ ಅನ್ನುವ ಹಾಗೆ, “ನಮ್ಮ ಮೂವರಿಗೆ ಬಿಟ್ರ ಯಾರಿಗೂ ಗೊತ್ತಿರಬಾರದು. ಗೊತ್ತಾದ್ರ ಈ ಹುಡುಗಿಗೆ ಉಳಿಗಾಲ ಇಲ್ಲ. ಆ ಫೋಟೋ ಯಾವಾಗ ಹುಟ್ಟಿತು ಅಂತ ಹೇಳೂ ನಾಲಿಗಿ ಇದೊಂದ.”

ಡ್ರಮ್ಮಿನ ಹತ್ತಿರದ ಕೆಮ್ಮು ಶಿವಲೀಲಾಳಿಗೆ ನೆನಪಾಯಿತು. ಕಳಕಮ್ಮನ ಕೈಯಲ್ಲಿದ್ದ ನೀರಿನ ಚರಿಗೆಯೂ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದಳು.

ಟಿಂಗ್.

ಸದ್ದು ಬಂದದ್ದು ಕಂಪ್ಯೂಟರಿನಿಂದ. ಗಿರಾಕಿಗಳು ಮೊಬೈಲಿಗೆ ಕಳಿಸುವ ಫೋಟೋಗಳು ಅಲ್ಲಿಯೂ ತೆರೆದುಕೊಳ್ಳುವಂತೆ ಅವಳೇ ಮಾಡಿಟ್ಟಿದ್ದಳು. ಗುರುತಿಲ್ಲದ ನಂಬರು.

ಅವಳು ಪ್ರಭುರಾಜನ ಕಡೆ ನೋಡಿದಳು. ಅವನ ಮೊಬೈಲು ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಅವನ ಎರಡೂ ಕೈ ಅವನ ಮುಖದ ಮೇಲಿದ್ದವು.

“ತೆಗಿ” ಎಂದ ವಿರುಪಣ್ಣ.

ಫೋಟೋ ಪರದೆಯ ತುಂಬ ತೆರೆದುಕೊಂಡಿತು. ಪೆಂಡಾಲು. ನೀರಿನ ಡ್ರಮ್ಮು. ಹಸಿರು ಸೀರೆಯ ಒಬ್ಬ ಹೆಂಗಸು, ಪಕ್ಕದ ಮುದುಕನ ಕಿವಿಗೆ ಏನನ್ನೋ ಹೇಳುತ್ತ ಅರ್ಧ ತಿರುಗಿ ನಿಂತಿದ್ದಾಳೆ.

ಶಿವಲೀಲಾ ತನ್ನ ಮೈಮೇಲಿನ ಹಸಿರು ಸೆರಗನ್ನು ಮುಟ್ಟಿ ನೋಡಿಕೊಂಡಳು.

ಕೆಳಗೆ ಅಕ್ಷರಗಳು ಬಂದವು.

‘ಇವರೊಬ್ಬರನ್ನ ದೊಡ್ಡದು ಮಾಡ್ರಿ. ಹೋದ ಸಲದ ಸೈಜು. ಹಿಂದ ತಿಳಿನೀಲಿ. ಕೆಳಗ ಎರಡು ಬೆರಳು ಜಾಗಾ ಬಿಡ್ರಿ.’

ವಿರುಪಣ್ಣ ಅವಳ ತೋಳನ್ನು ಗಟ್ಟಿಯಾಗಿ ಹಿಡಿದ. ಪರದೆಯ ಮೇಲೆ ಆ ಕಡೆಯವರು ಇನ್ನೂ ಏನನ್ನೋ ಬರೆಯುತ್ತಿದ್ದಾರೆಂದು ತೋರಿಸುವ ಚುಕ್ಕೆಗಳು ಕುಣಿಯುತ್ತಿದ್ದವು. ನಿಂತವು. ಮತ್ತೆ ಕುಣಿದವು.

‘ಈ ಸಲ ಮಾತ್ರ ಕಂಪನಿ ಇಂಕು ಹಾಕ್ರಿ.’